ಮೈಸೂರಿನ ಹಳೆಯ ಕಟ್ಟಡಗಳು

ಮೈಸೂರಿಗೆ ಹೋದವರು ಅರಮನೆಯನ್ನು ನೋಡದೆ ಹಿಂದಿರುಗುವುದು ವಿರಳ. 1897ರಲ್ಲಿ ರಾಜಕುಮಾರಿ ಜಯಲಕ್ಷ್ಮಮ್ಮಣ್ಣಿಯವರ ವಿವಾಹಕಾಲದಲ್ಲಿ ಮರದ ಹಳೆಯ ಅರಮನೆಯು ಬೆಂಕಿಗೆ ಆಹುತಿಯಾಯಿತು. ಹೆನ್ರಿ ಇರ್ವಿನ್ನರ ನಕ್ಷೆಯಂತೆ ಎದ್ದ ಈಗಿನ ಅರಮನೆಯು 1912ರಲ್ಲಿ ಮುಗಿಯಿತು. ಅದರ ವೈಭವವನ್ನು ವರ್ಣಿಸಿದವರು ಅನೇಕರಿರುವುದರಿಂದ ನಾವು ಆ ಕಾರ್ಯಕ್ಕೆ ಕೈಹಾಕುವುದಿಲ್ಲ. ಅರಮನೆಗೆ ಪೋಷಕರು ಇದ್ದೇ ಇರುವರು. ಅದರ ನೆರಳಿನಲ್ಲಿ ನಿಂತಿರುವ ಉಳಿದ ಕಟ್ಟಡಗಳ ಗತಿಯೇನೆಂಬುದು ವಿಚಾರಿಸತಕ್ಕ ವಿಷಯ.

ಅದೇ ರಾಜಕುಮಾರಿಯವರಿಗಾಗಿ 1905ರಲ್ಲಿ ಕಟ್ಟಿಸಿದ ಜಯಲಕ್ಷ್ಮೀವಿಲಾಸವು ಇಂದು ಮಾನಸಗಂಗೋತ್ರಿಯ ಆವರಣದಲ್ಲಿದೆ. ವಿಶ್ವವಿದ್ಯಾನಿಲಯದವರು ಅದರಲ್ಲಿ ಜಾನಪದ ವಸ್ತುಸಂಗ್ರಹಾಲಯವನ್ನು ಸ್ಥಾಪಿಸಿದರು. ರಾಜಪುತ್ರಿಯ ಅಂತಃಪುರದಲ್ಲಿ ರೈತನ ನೇಗಿಲಿಗೂ ತೊಗಲುಗೊಂಬೆಗೂ ಸ್ಥಳ ದೊರೆತುದು ಸಂತೋಷದ ಸಂಗತಿಯೇ ಸರಿ. ಈ ಶತಮಾನದ ಆದಿಯಲ್ಲಿ ಇನ್ಫೋಸಿಸ್ ಪ್ರತಿಷ್ಠಾನದ ಧನಸಹಾಯದಿಂದ ಭವನಕ್ಕೆ ದೊಡ್ಡ ದುರಸ್ತಿಯಾಯಿತು. ಆದರೆ ಕೆಲವು ವರ್ಷಗಳಲ್ಲಿಯೇ ಮಳೆಯ ನೀರು ಮತ್ತೆ ಒಳಕ್ಕೆ ಬರತೊಡಗಿತು. ಒಮ್ಮೆ ಎಣ್ಣೆ ಹಚ್ಚಿದ ತಲೆಯನ್ನು ಜನ್ಮವೆಲ್ಲ ಬಾಚದೆ ಬಿಡಲಾದೀತೆ?

ಈ ಸೋರುವಿಕೆಯ ಮರ್ಮವನ್ನು ಗೃಹಸ್ಥರು ಅರಿತಿರುವುದು ಉತ್ತಮ. ನಮ್ಮ ಹಿರಿಯರು ಸುಣ್ಣ, ಮರಳು, ಇಟ್ಟಿಗೆಯ ಪುಡಿಗಳನ್ನು ಗಾಣದಲ್ಲಿ ಅರೆಸಿ, ಬೆಲ್ಲದ ನೀರನ್ನೂ ಅಳಲೆಕಾಯಿಯ ರಸವನ್ನೂ ಬೆರೆಸಿ ಗಾರೆ ಮಾಡುತ್ತಿದ್ದರು. ಮದರಾಸು ತಾರಸಿಯಲ್ಲಿ ಮರದ ತೊಲೆಗಳ ಮೇಲೆ ತೆಳು ಇಟ್ಟಿಗೆಗಳನ್ನು ಅಂಚಿನ ಮೇಲೆ ನಿಲ್ಲಿಸಿ, ಅದರ ಮೇಲೆ ಇಟ್ಟಿಗೆಚೂರಿನ ಗಾರೆಯನ್ನು ಬಡಿದು ಕೂರಿಸುವರು. ಇಂಥ ಗೋಡೆಯು ತೇವವನ್ನು ಹೀರಿದರೂ ಬಿಸಿಲಿಗೆ ಮೆಲ್ಲನೆ ಹೊರಕ್ಕೆ ಬಿಡುವುದು. ಅದರ ಮೇಲೆ ಸಿಮೆಂಟನ್ನು ಬಳಿದರೆ ಮೇಲ್ಮೈ ನುಣುಪಾಗಿ ಕಾಣಬಹುದು. ಆದರೆ ಒಳಸೇರಿದ ನೀರಿಗೆ ಹೊರದಾರಿಯಿಲ್ಲದಂತಾಗಿ, ಗೋಡೆಯೊಳಗೆ ಹುದುಗಿರುವ ತೊಲೆಯ ತುದಿಯು ಕಾಣದಂತೆಯೇ ಕೊಳೆಯುವುದು. ಇದರ ಜೊತೆಗೆ ಕೈಪಿಡಿಗೋಡೆಯ ಬಿರುಕಿನಲ್ಲಿ ಅರಳಿಯ ಸಸಿಯೊಂದು ಬೇರೂರಿದರೆ ಕೇಳುವುದೇ ಬೇಡ.

ಹೀಗೆ ಅಲಕ್ಷ್ಯಕ್ಕೊಳಗಾದ ಕಟ್ಟಡವು ಯಾವ ಬೆಲೆಯನ್ನು ಕೇಳೀತೆಂಬುದನ್ನು ಮೈಸೂರು ಕಂಡಿದೆ. ವೈಸರಾಯ್ ಲ್ಯಾನ್ಸ್‌ಡೌನರ ಭೇಟಿಯ ನೆನಪಿಗಾಗಿ 1892ರಲ್ಲಿ ಕಟ್ಟಿದ ಲ್ಯಾನ್ಸ್‌ಡೌನ್ ಕಟ್ಟಡದಲ್ಲಿ ಹಳೆಯ ಪುಸ್ತಕಗಳ ಅಂಗಡಿಗಳಿದ್ದು, ಬಡ ವಿದ್ಯಾರ್ಥಿಗಳಿಗೆ ಅದೇ ಸರಸ್ವತೀ ಮಂದಿರವಾಗಿತ್ತು. 2012ರ ಆಗಸ್ಟ್ 25ರಂದು ಅದರ ಒಂದು ಭಾಗವು ಕುಸಿದು ನಾಲ್ವರು ಮೃತರಾದರು. ಅದಕ್ಕೆ ಸಮೀಪದ ದೇವರಾಜ ಮಾರುಕಟ್ಟೆಯ ಒಂದು ಪಾರ್ಶ್ವವು ದುರಸ್ತಿ ನಡೆಯುತ್ತಿದ್ದಾಗಲೇ, 2016ರ ಆಗಸ್ಟಿನಲ್ಲಿ, ಬಿದ್ದುಹೋಯಿತು. ಎರಡೂ ಮಳೆಗಾಲದಲ್ಲಿ! ಕೆಡವಿ ಅದೇ ಆಕಾರದಲ್ಲಿ ಹೊಸದನ್ನು ಕಟ್ಟಬೇಕೆಂದು ಕೆಲವರು, ಇದ್ದುದನ್ನೇ ಬಲಪಡಿಸಬೇಕೆಂದು ಕೆಲವರು ವಾದಿಸಿದರು. ವ್ಯಾಜ್ಯವು ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿತು. ನಾಲ್ಕು ಜೀವಗಳು ಹೋದ ಬಳಿಕ ವ್ಯಾಪಾರಿಗಳ ಭಯವನ್ನು ಹಳಿಯುವುದು ಸಲ್ಲದು. ಆದರೂ ತದ್ರೂಪದ ಹೊಸ ಕಟ್ಟಡವು ಹಳೆಯದರ ವೇಷವನ್ನು ಮಾತ್ರ ಧರಿಸೀತು ಎಂಬುದೇ ನಮ್ಮ ಅಭಿಪ್ರಾಯ.

ಇನ್ನು ಯಾದವಗಿರಿಯ ಕಡೆಗೆ ಹೋಗೋಣ. ಅಲ್ಲಿ ಆಂಗ್ಲ ಕಾದಂಬರಿಕಾರ ಆರ್. ಕೆ. ನಾರಾಯಣರು ಕಟ್ಟಿಸಿದ ಮನೆಯಿದೆ. ಮಹಡಿಯ ಮೇಲೆ ಎಂಟು ಕಿಟಕಿಗಳುಳ್ಳ, ಮುಂದಕ್ಕೆ ಚಾಚಿದ ಬರವಣಿಗೆಯ ಕೊಠಡಿ. ಚಾಮುಂಡಿಬೆಟ್ಟವೂ ಗೋಪುರಗಳೂ ಮೇಯುವ ದನಗಳೂ ಮನಸ್ಸನ್ನು ಸೆಳೆದು ಬರೆಯಗೊಡಲಿಲ್ಲವಾಗಿ, ಅವರು ಕೊನೆಗೆ ಪರದೆಗಳನ್ನು ಎಳೆದುಕೊಂಡು ಕುಳಿತರಂತೆ! ಕಿಟಕಿಗೆ ಖರ್ಚು, ಅದನ್ನು ಮುಚ್ಚುವುದಕ್ಕೂ ಖರ್ಚು.

ಅವರು 2001ರಲ್ಲಿ ತೀರಿಕೊಂಡರು. ಹತ್ತು ವರ್ಷಗಳ ಮೇಲೆ, ಮಾರಾಟವಾಗಿದ್ದ ಆ ಮನೆಯನ್ನು ಒಡೆಯಲು ಆರಂಭಿಸಿದಾಗ ಪತ್ರಿಕೆಗಳಲ್ಲಿ ಕೂಗೆದ್ದು ಕೆಲಸವು ನಿಂತಿತು. ಆಂಗ್ಲದಲ್ಲಿ ಬರೆದವರ ಮನೆಗೆ ಜನರ ಹಣವನ್ನು ವೆಚ್ಚಮಾಡುವುದೇಕೆಂದು ಕನ್ನಡದ ಕೆಲವು ಸಾಹಿತಿಗಳು ಆಕ್ಷೇಪಿಸಿದುದೂ ಉಂಟು. ಆ ಆಕ್ಷೇಪವು ನಿಸ್ಸಾರವೆನ್ನಲಾಗದು. ಕನ್ನಡದ ಕವಿಗಳ ಎಷ್ಟೋ ಮನೆಗಳು ಸದ್ದಿಲ್ಲದೆ ಅಳಿದಿವೆ. ಆದರೆ ಅವು ಅಳಿದುವೆಂದು ಇದನ್ನೂ ಅಳಿಯಗೊಡುವುದು ನ್ಯಾಯವೆ? ನಗರಪಾಲಿಕೆಯು ಮನೆಯನ್ನು ಕೊಂಡು ಸರಿಪಡಿಸಿ, 2016ರಲ್ಲಿ ವಸ್ತುಸಂಗ್ರಹಾಲಯವಾಗಿ ತೆರೆಯಿತು.

ಕೀರ್ತಿವಂತರ ಮನೆಗೆ ಕೂಗುವವರು ಸಿಕ್ಕರು. ಅಗ್ರಹಾರದ ಜಗಲಿಯ ಮನೆಗಳಿಗೂ ತೊಟ್ಟಿಮನೆಗಳಿಗೂ ಯಾರಿರುವರು? ಅಣ್ಣತಮ್ಮಂದಿರು ಪಾಲಾದೊಡನೆ ತೊಟ್ಟಿಯ ನಡುವೆ ಗೋಡೆ ಏಳುವುದು. ಕಂಬಗಳು ಹಳೆಯ ಮರದ ವ್ಯಾಪಾರಿಯ ಗಾಡಿಯನ್ನೇರುವುವು. ಮನೆಯು ಪಾರಂಪರಿಕವೆಂದು ಸರ್ಕಾರದ ಪಟ್ಟಿಯಲ್ಲಿ ಬರೆದ ಮಾತ್ರಕ್ಕೆ ಸೂರಿನ ಸೋರಿಕೆ ನಿಲ್ಲದು. ಒಡೆಯನಿಗೆ ಕಂದಾಯದಲ್ಲಿ ರಿಯಾಯಿತಿಯನ್ನೋ ಗಾರೆ ಕೆಲಸ ಬಲ್ಲ ಕುಶಲಿಗಳನ್ನೋ ಒದಗಿಸದಿದ್ದರೆ ಆ ಗೌರವವು ಅವನಿಗೆ ಹೊರೆಯೇ ಆದೀತು.

ಇಂಥ ಮನೆಯಲ್ಲಿ ವಾಸಿಸುವ ಗೃಹಸ್ಥರು ಪ್ರತಿವರ್ಷ ಮುಂಗಾರಿಗೆ ಮೊದಲೇ ತಾರಸಿಯನ್ನು ಗುಡಿಸಿ, ನೀರುಹೋಗುವ ಕಂಡಿಗಳನ್ನು ಬಿಡಿಸಿ, ಅರಳಿ ಆಲಗಳ ಸಸಿಗಳನ್ನು ಎಳೆಯವಿರುವಾಗಲೇ ಬೇರುಸಹಿತ ಕೀಳಿಸಬೇಕು. ಬಿರುಕಿಗೆ ಸುಣ್ಣದ ಗಾರೆಯನ್ನೇ ತುಂಬಿಸಬೇಕು. ತೊಲೆಯ ತುದಿಯನ್ನು ಮೊಳೆಯಿಂದ ಚುಚ್ಚಿ ನೋಡಿದರೆ, ಮರವು ಗಟ್ಟಿಯೋ ಮೆದುವೋ ಎಂಬುದು ಅಲ್ಲಿಯೇ ತಿಳಿಯುವುದು.