ಎಷ್ಟು ಹತ್ತಿರ? ಅದು ತಿಮಿಂಗಿಲಕ್ಕೆ ಬಿಟ್ಟದ್ದು

ತಿಮಿಂಗಿಲದ ಜೊತೆ ಈಜಿ ಬಂದೆ ಅಂದ್ರೆ ಜನ ಕೇಳೋದು ಎರಡೇ ಪ್ರಶ್ನೆ. ಒಂದು, ‘ಭಯ ಆಗ್ಲಿಲ್ವಾ?’ ಇನ್ನೊಂದು, ‘ಎಷ್ಟು ಹತ್ತಿರ ಹೋದೆ? ಫೋಟೊ ತೋರ್ಸು!’ ಮೊದಲನೆಯದಕ್ಕೆ ಉತ್ತರ ಸುಲಭ. ಆಯ್ತು, ಆದರೆ ಒಂದೇ ನಿಮಿಷ. ಎರಡನೆಯದಕ್ಕೆ ಉತ್ತರ ಒಂದು ಸಾಲಿನಲ್ಲಿ ಮುಗಿಯುವುದಿಲ್ಲ. ಅದಕ್ಕೇ ಈ ಬರಹ.

ನಾನು ಕೆಲಸದ ಮೇಲೆ ಆಕ್ಲೆಂಡ್‌ಗೆ ಬಂದು ಮೂರು ವರ್ಷವಾಯಿತು. ಇಲ್ಲಿಂದ ಮೂರು ಗಂಟೆ ವಿಮಾನದಲ್ಲಿ ಹಾರಿದರೆ ಪೆಸಿಫಿಕ್ ಸಾಗರದ ಪುಟ್ಟ ರಾಜ್ಯ ಟೋಂಗಾ. ಅಲ್ಲಿಂದ ಇನ್ನೊಂದು ಸಣ್ಣ ವಿಮಾನ ಹತ್ತಿದರೆ ವವಾವು ದ್ವೀಪಸಮೂಹ. ಹಂಪ್‌ಬ್ಯಾಕ್ ತಿಮಿಂಗಿಲಗಳ ಜೊತೆ ಕಾನೂನುಬದ್ಧವಾಗಿ ಸ್ನಾರ್ಕೆಲಿಂಗ್ ಮಾಡಲು ಬಿಡುವ, ಜಗತ್ತಿನ ಕೆಲವೇ ಜಾಗಗಳಲ್ಲಿ ಇದೂ ಒಂದು. ಕಾಲೇಜಿನ ಗೆಳತಿಯೊಬ್ಬಳು ಎರಡು ವರ್ಷ ದುಡ್ಡು ಕೂಡಿಟ್ಟು, ಇದ್ದಬದ್ದ ರಜೆಯನ್ನೆಲ್ಲ ಒಟ್ಟುಹಾಕಿ ಬೆಂಗಳೂರಿನಿಂದ ಬಂದಳು. ನಾವಿಬ್ಬರೂ ಸ್ನಾರ್ಕೆಲ್ ಬಾಯಿಗಿಟ್ಟು ಉಸಿರಾಡೋಕೆ ಕಲಿತಿದ್ದು ಮುರ್ಡೇಶ್ವರದ ಹತ್ತಿರದ ನೇತ್ರಾಣಿಯಲ್ಲಿ. ಅಲ್ಲಿ ಬಣ್ಣದ ಮೀನು ನೋಡಿ ಕುಣಿದಾಡಿದವರಿಗೆ ಇಲ್ಲಿ ಬಸ್ಸಿಗಿಂತ ಉದ್ದದ ಪ್ರಾಣಿ!

ಉಪವಾಸ ಮಾಡುವ ತಾಯಂದಿರು

ಈ ತಿಮಿಂಗಿಲಗಳು ಟೋಂಗಾಗೆ ಯಾಕೆ ಬರುತ್ತವೆ ಅನ್ನೋದು ಗೊತ್ತಾದರೆ ಉಳಿದದ್ದೆಲ್ಲ ತಾನಾಗೇ ಅರ್ಥವಾಗುತ್ತದೆ. ವರ್ಷದ ಅರ್ಧ ಭಾಗ ಇವು ಅಂಟಾರ್ಕ್ಟಿಕಾದ ತಣ್ಣನೆಯ ನೀರಿನಲ್ಲಿ ಕ್ರಿಲ್ ಎಂಬ ಸಿಗಡಿಯಂಥ ಜೀವಿಯನ್ನು ತಿಂದು ಕೊಬ್ಬು ಕೂಡಿಡುತ್ತವೆ. ಆಮೇಲೆ 5,000 ಕಿ.ಮೀ.ಗೂ ಹೆಚ್ಚು ಈಜಿ, ಜುಲೈನಿಂದ ಅಕ್ಟೋಬರ್‌ವರೆಗೆ ಇಲ್ಲಿನ ಬೆಚ್ಚಗಿನ ನೀರಿನಲ್ಲಿ ಮರಿ ಹಾಕುತ್ತವೆ, ಜೊತೆ ಹುಡುಕುತ್ತವೆ. ಇಲ್ಲಿ ಅವಕ್ಕೆ ಊಟ ಇಲ್ಲ. ತಾಯಿ ಬಹುಮಟ್ಟಿಗೆ ಉಪವಾಸವಿದ್ದುಕೊಂಡೇ ಮರಿಗೆ ಬೆಣ್ಣೆಯಷ್ಟು ಗಟ್ಟಿಯಾದ ಹಾಲು ಕುಡಿಸುತ್ತಾಳೆ. ಹುಟ್ಟುವಾಗಲೇ ಮರಿ ನಾಲ್ಕು ಮೀಟರ್‌ಗೂ ಉದ್ದ, ಒಂದು ಟನ್‌ನಷ್ಟು ತೂಕ. ಅಂಟಾರ್ಕ್ಟಿಕಾಗೆ ವಾಪಸ್ ಹೊರಡುವಷ್ಟರಲ್ಲಿ ಅದು ಬಲಿತಿರಬೇಕು.

ಅಂದರೆ ತಾಯಿಯ ಹತ್ತಿರ ಇರುವುದು ಒಂದು ಉಳಿತಾಯ ಖಾತೆ. ಹೊಸದಾಗಿ ಜಮೆ ಆಗೋದಿಲ್ಲ, ಬರೀ ಖರ್ಚು. ನಮ್ಮಿಂದ ತಪ್ಪಿಸಿಕೊಳ್ಳಲು ಅವಳು ಓಡಿದ ಪ್ರತಿ ಸಲವೂ ಅದೇ ಖಾತೆಯಿಂದ ಕಡಿತ.

ಟೋಂಗಾದ ಜನ ಹಿಂದೆ ತಿಮಿಂಗಿಲ ಬೇಟೆಯಾಡುತ್ತಿದ್ದರು. 1978ರಲ್ಲಿ ಆಗಿನ ರಾಜ ನಾಲ್ಕನೇ ಟುಪೊ ಬೇಟೆಯನ್ನು ನಿಷೇಧಿಸಿದ. ಅಷ್ಟು ಹೊತ್ತಿಗೆ ದೊಡ್ಡ ದೇಶಗಳ ಹಡಗುಗಳು ದಕ್ಷಿಣ ಸಾಗರವನ್ನು ಬರಿದು ಮಾಡಿಯಾಗಿತ್ತು. ಜಗತ್ತಿನ ಬೇರೆ ಕಡೆ ಹಂಪ್‌ಬ್ಯಾಕ್‌ಗಳು ಚೆನ್ನಾಗಿ ಚೇತರಿಸಿಕೊಂಡರೂ, 2008ರಲ್ಲಿ ಐಯುಸಿಎನ್ ಈ ಓಷಿಯಾನಿಯಾ ಭಾಗದ ಗುಂಪನ್ನು ಅಪಾಯದಂಚಿನ ಪಟ್ಟಿಗೆ ಸೇರಿಸಿತು. ಈಗ ಅದೇ ನೀರಿನಲ್ಲಿ ಈಟಿಯ ಬದಲು ಕ್ಯಾಮೆರಾ. ಹಳ್ಳಿಯ ಎಷ್ಟೋ ಮನೆಗಳ ಒಲೆ ಉರಿಯುವುದು ನಮ್ಮಂಥವರು ಕೊಡುವ ದುಡ್ಡಿನಿಂದ. ಭಾನುವಾರ ಮಾತ್ರ ಒಂದು ಬೋಟೂ ಹೊರಡುವುದಿಲ್ಲ. ಟೋಂಗಾದಲ್ಲಿ ಭಾನುವಾರ ಅಂದರೆ ಚರ್ಚ್, ಊಟ, ನಿದ್ದೆ. ವ್ಯಾಪಾರ ವಹಿವಾಟು ಕಾನೂನಿನ ಪ್ರಕಾರವೇ ಬಂದ್. ತಿಮಿಂಗಿಲಗಳಿಗೂ ವೀಕ್ಲಿ ಆಫ್!

ನೀರಿಗಿಳಿಯುವ ಮೊದಲು

ಮೊದಲ ದಿನ ಗಾಳಿ ಜೋರಾಗಿತ್ತು, ಬೋಟ್ ಹೊರಡಲೇ ಇಲ್ಲ. ಎರಡನೆಯ ದಿನ ನೈಆಫು ಬಂದರಿನಲ್ಲಿ ನಮ್ಮ ಗೈಡ್, ಅದೇ ಊರಿನ ಹೆಂಗಸು, ನಿಯಮಗಳನ್ನು ಬೆರಳು ಮಡಚಿ ಹೇಳಿದಳು. ಒಂದು ಸಲಕ್ಕೆ ನಾಲ್ಕೇ ಜನ, ಜೊತೆಗೆ ಗೈಡ್. ಸ್ಕೂಬಾ ಸಿಲಿಂಡರ್ ಇಲ್ಲ. ನೀವಾಗಿ ಐದು ಮೀಟರ್‌ಗಿಂತ ಹತ್ತಿರ ಹೋಗುವಂತಿಲ್ಲ. ಮುಟ್ಟುವ ಮಾತೇ ಇಲ್ಲ. ತಾಯಿ ಮತ್ತು ಮರಿಯ ನಡುವೆ ಎಂದೂ ಬರಬೇಡಿ. ಹಿಂದಿನಿಂದ ಅಟ್ಟಿಸಿಕೊಂಡು ಹೋಗಬೇಡಿ, ಎದುರಿನಿಂದ ದಾರಿಗಡ್ಡ ನಿಲ್ಲಬೇಡಿ. ಕಾಲು ಬಡಿದು ನೊರೆ ಎಬ್ಬಿಸಬೇಡಿ. ಒಂದೂವರೆ ಗಂಟೆ ಒಂದು ತಿಮಿಂಗಿಲದ ಜೊತೆ ಕಳೆದರೆ, ಆಮೇಲೆ ಅಷ್ಟೇ ಹೊತ್ತು ಅದಕ್ಕೆ ವಿಶ್ರಾಂತಿ.

ಕೊನೆಗೆ ಅವಳು ಹೇಳಿದ್ದು: ‘ನಾವು ಹೋಗಿ ನಿಲ್ಲುತ್ತೇವೆ ಅಷ್ಟೇ. ಬರುವುದು ಬಿಡುವುದು ಅವರಿಷ್ಟ.’

ಆವತ್ತು ನನ್ನ ಗೆಳತಿಗೆ ಸಮುದ್ರದ ಅಲೆಗೆ ತಲೆಸುತ್ತು, ವಾಂತಿ. ಅವಳು ಬೋಟ್‌ನಲ್ಲೇ ಮಲಗಿದಳು. ನಾನು ಇಳಿದೆ. ಕೆಳಗೆ ಬರೀ ನೀಲಿ. ಬಿಸಿಲಿನ ಕೋಲುಗಳು ಆಳಕ್ಕೆ ಇಳಿದು ಮಾಯವಾಗುತ್ತಿದ್ದವು. ಮೊದಲು ನೆಲವೋ ಬಂಡೆಯೋ ಅಂದುಕೊಂಡದ್ದು ನಿಧಾನವಾಗಿ ಮೇಲೆ ಬಂತು. ತಾಯಿ. ಅವಳ ಗದ್ದದ ಕೆಳಗೆ, ಸೆರಗಿಗೆ ಅಂಟಿಕೊಂಡ ಮಗುವಿನ ಹಾಗೆ, ಮರಿ. ಮರಿಗೆ ಕೆಲವು ನಿಮಿಷಕ್ಕೊಮ್ಮೆ ಉಸಿರಿಗೆ ಮೇಲೆ ಬರಲೇಬೇಕು, ತಾಯಿ ಕೆಳಗೇ ನಿಂತಿರುತ್ತಾಳೆ. ಮರಿ ಮೇಲೆ ಬಂತು, ಉಸಿರು ಬಿಟ್ಟಿತು, ಸುತ್ತು ಹಾಕಿತು, ನಮ್ಮ ಕಡೆ ತಿರುಗಿತು. ನಾವು ಅಲುಗಾಡದೆ ತೇಲುತ್ತಿದ್ದೆವು. ಅದೇ ಹತ್ತಿರ ಬಂತು, ಒಂದು ಕಣ್ಣಿನಿಂದ ನಮ್ಮನ್ನೆಲ್ಲ ಸಾಲಾಗಿ ನೋಡಿತು, ವಾಪಸ್ ಅಮ್ಮನ ಬಳಿ ಹೋಯಿತು. ಮೂರು ಸಲ ಹೀಗೆ. ತಾಯಿ ಒಮ್ಮೆಯೂ ಜಾಗ ಬಿಡಲಿಲ್ಲ. ಗೈಡ್ ಆಮೇಲೆ ಹೇಳಿದ್ದು, ಮರಿಯ ಕುತೂಹಲವನ್ನಲ್ಲ, ತಾಯಿಯ ನೆಮ್ಮದಿಯನ್ನು ನೋಡಬೇಕು ಅಂತ. ಮರಿಗಳು ಎಲ್ಲ ಕಡೆಯೂ ಒಂದೇ, ಯಾರ ಹತ್ತಿರ ಬೇಕಾದರೂ ಹೋಗುತ್ತವೆ.

ಕಣ್ಣಿಗೆ ಹತ್ತಿರ, ಕ್ಯಾಮೆರಾಗೆ ದೂರ

ಇಲ್ಲಿ ಫೋಟೊಗ್ರಫಿಯ ಒಂದು ಮಾತು. ನೀರೊಳಗೆ ಮಾಸ್ಕ್ ಹಾಕಿಕೊಂಡು ನೋಡಿದರೆ ಎಲ್ಲವೂ ಇರುವುದಕ್ಕಿಂತ ಸುಮಾರು ಕಾಲು ಭಾಗ ಹತ್ತಿರ ಕಾಣುತ್ತದೆ. ನೀರಿನಿಂದ ಗಾಳಿಗೆ ಬರುವಾಗ ಬೆಳಕು ಬಾಗುವುದೇ ಇದಕ್ಕೆ ಕಾರಣ. ಆದರೆ ತಿಮಿಂಗಿಲದ ಫೋಟೊಗೆ ಬಳಸುವ ಗೋಪ್ರೊ ಥರದ ವೈಡ್ ಲೆನ್ಸ್ ಎಲ್ಲವನ್ನೂ ದೂರ, ಚಿಕ್ಕದು ಮಾಡಿ ತೋರಿಸುತ್ತದೆ. ಕಣ್ಣೆದುರು ಗೋಡೆಯಂತೆ ನಿಂತ ಪ್ರಾಣಿ ಸ್ಕ್ರೀನ್‌ನಲ್ಲಿ ಹೆಬ್ಬೆರಳಿನಷ್ಟು! ಅದನ್ನು ನೋಡಿದ ತಕ್ಷಣ ಕಾಲು ತಾನಾಗೇ ಬಡಿಯಲು ಶುರು ಮಾಡುತ್ತದೆ, ಇನ್ನೊಂಚೂರು ಮುಂದೆ ಹೋಗೋಣ ಅಂತ. ನಿಯಮ ಮುರಿಯುವವರೆಲ್ಲ ಕೆಟ್ಟವರಲ್ಲ. ಎಷ್ಟೋ ಜನ ಸ್ಕ್ರೀನ್ ನೋಡುತ್ತಾ ದೂರದ ಅಂದಾಜು ಕಳೆದುಕೊಂಡವರು.

ಅದಕ್ಕೆ ಉಪಾಯ: ಸ್ಕ್ರೀನ್ ನೋಡಲೇಬೇಡಿ. ಕ್ಯಾಮೆರಾವನ್ನು ಎದೆಯ ಮುಂದೆ ಹಿಡಿದು, ವಿಡಿಯೊ ಆನ್ ಮಾಡಿ, ಕಣ್ಣಿನಿಂದ ತಿಮಿಂಗಿಲ ನೋಡಿ. ಫ್ರೇಮ್ ಆಮೇಲೆ ಆರಿಸಿಕೊಳ್ಳಬಹುದು. ಸೆಟ್ಟಿಂಗ್ ಎಲ್ಲ ಬೋಟ್‌ನಲ್ಲೇ ಮುಗಿಸಿ. ಫ್ಲ್ಯಾಶ್ ಬೇಡವೇ ಬೇಡ. ಅದು ಅಷ್ಟು ದೂರ ತಲುಪುವುದೂ ಇಲ್ಲ, ನೀರಿನಲ್ಲಿರುವ ಕಣಗಳನ್ನಷ್ಟೇ ಬೆಳಗಿ ಚಿತ್ರ ಹಾಳು ಮಾಡುತ್ತದೆ. ಬಿಸಿಲು ನಿಮ್ಮ ಬೆನ್ನಿಗಿರಲಿ. ನೀರು ಕೆಂಪು ಬಣ್ಣವನ್ನು ಬೇಗ ನುಂಗಿಬಿಡುತ್ತದೆ, ಹಾಗಾಗಿ ಎಲ್ಲವೂ ನೀಲಿಯಾಗಿ ಬರುತ್ತದೆ. ರಾ ಫೈಲ್‌ನಲ್ಲಿ ತೆಗೆದರೆ ಬಣ್ಣ ಮನೆಗೆ ಬಂದು ಸರಿಮಾಡಬಹುದು. ಸೆಲ್ಫಿ ಸ್ಟಿಕ್ ಬ್ಯಾಗ್‌ನಲ್ಲೇ ಇರಲಿ. ಎಲ್ಲಕ್ಕಿಂತ ಮುಖ್ಯ, ಮೊದಲ ಐದು ನಿಮಿಷ ಕ್ಯಾಮೆರಾ ಮುಟ್ಟಬೇಡಿ. ನಿಮ್ಮ ಉಸಿರು ಸಮವಾದ ಮೇಲೆ ಕೈಯೂ ನಡುಗುವುದಿಲ್ಲ.

ಎರಡು ಸಲ ‘ಬೇಡ’

ಕೊನೆಯ ದಿನ ಗೆಳತಿಯ ಹೊಟ್ಟೆ ಸರಿಯಾಗಿತ್ತು. ಹೊಸ ಮಾಸ್ಕ್, ಬಾಡಿಗೆಗೆ ತಂದ ಒಳ್ಳೆ ಕ್ಯಾಮೆರಾ. ಇವತ್ತು ಬಿಟ್ಟರೆ ಮತ್ತೆ ಯಾವಾಗಲೋ. ಬೆಳಗ್ಗೆ ಏನೂ ಸಿಗಲಿಲ್ಲ. ಮಧ್ಯಾಹ್ನ ಒಂದು ಪುಟ್ಟ ದ್ವೀಪದ ಮರೆಯಲ್ಲಿ ತಾಯಿ, ಮರಿ ಕಂಡವು. ನಾವು ಇಳಿದೆವು. ನಮ್ಮ ನೆರಳು ಕಾಣುತ್ತಿದ್ದಂತೆ ತಾಯಿ ದಿಕ್ಕು ಬದಲಿಸಿ ದೂರ ಸರಿದಳು. ಬೋಟ್ ಹತ್ತಿ, ಕಾದು, ಇನ್ನೊಮ್ಮೆ ಇಳಿದೆವು. ಈ ಸಲ ಅವಳು ಮರಿಯನ್ನು ತನ್ನ ಆಚೆ ಮಗ್ಗುಲಿಗೆ ಮಾಡಿಕೊಂಡು, ನಮಗೂ ಅದಕ್ಕೂ ನಡುವೆ ತಾನೇ ಗೋಡೆಯಾಗಿ, ಮತ್ತೆ ಹೊರಟಳು. ಗೈಡ್ ಕೈ ಎತ್ತಿದಳು. ‘ಸಾಕು. ಅವಳು ಎರಡು ಸಲ ಬೇಡ ಅಂದಳು.’

ಬೋಟ್‌ನಲ್ಲಿದ್ದ ಪ್ರವಾಸಿಯೊಬ್ಬ ಬಿಡಲಿಲ್ಲ. ಮುಂದೆ ಹೋಗಿ ಅವಳ ದಾರಿಯಲ್ಲೇ ಇಳಿಸಿ, ಇಷ್ಟು ದುಡ್ಡು ಕೊಟ್ಟಿದ್ದೀವಿ, ಬೇಕಾದ್ರೆ ವೋಟ್ ಹಾಕೋಣ ಅಂದ. ಬೋಟ್ ನಡೆಸುವವನು ನಮ್ಮ ಮುಖ ನೋಡಿದ. ಗೆಳತಿ ನನ್ನ ಮುಖ ನೋಡಿದಳು. ಅವಳ ಕಣ್ಣಲ್ಲಿ ಏನಿತ್ತು ಅಂತ ನನಗೆ ಚೆನ್ನಾಗಿ ಗೊತ್ತಿತ್ತು. ಎರಡು ವರ್ಷದ ಉಳಿತಾಯ ಇತ್ತು. ನಾನು ‘ವಾಪಸ್ ಹೋಗೋಣ’ ಅಂದೆ.

ಸಂಜೆವರೆಗೂ ಅವಳು ನನ್ನ ಹತ್ತಿರ ಮಾತಾಡಲಿಲ್ಲ. ರಾತ್ರಿ ಊಟದ ಹೊತ್ತಿಗೆ ಒಂದೇ ಮಾತು ಹೇಳಿದಳು: ‘ದುಡ್ಡು ಕೊಟ್ಟ ಮೇಲೂ ಬೇಡ ಅನ್ನಿಸಿಕೊಳ್ಳೋದು ನನಗೆ ರೂಢಿನೇ ಇಲ್ಲ ಕಣೇ.’

ಆ ಮಾತು ನಮಗೆಲ್ಲ ಸಲ್ಲುತ್ತದೆ ಅನಿಸಿತು. ಆ್ಯಪ್‌ನಲ್ಲಿ ಆರ್ಡರ್ ಮಾಡಿದ್ದು ಹತ್ತು ನಿಮಿಷದಲ್ಲಿ ಬಾಗಿಲಿಗೆ ಬರುವ ಕಾಲ ನಮ್ಮದು. ಆದರೆ ನಾವು ಟಿಕೆಟ್ ಕೊಂಡಿರುವುದು ಬೋಟ್‌ಗೆ, ತಿಮಿಂಗಿಲಕ್ಕಲ್ಲ. ವವಾವುವಿನಲ್ಲೇ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನವೊಂದು, ಬೋಟ್ ಮತ್ತು ಈಜುಗಾರರು ಹತ್ತಿರ ಇದ್ದಾಗ ಮರಿಯಿರುವ ತಾಯಂದಿರು ಹೆಚ್ಚು ಹೊತ್ತು ಮುಳುಗಿರುತ್ತಾರೆ, ಬೋಟ್‌ನಿಂದ ತಪ್ಪಿಸಿಕೊಳ್ಳಲು ನೋಡುತ್ತಾರೆ ಅಂತ ತೋರಿಸಿದೆ. ನಮ್ಮದು ಒಂದು ಬೋಟ್, ಹತ್ತು ನಿಮಿಷ. ಅವಳಿಗೆ ಅದು ದಿನದ ಎಷ್ಟನೆಯ ಬೋಟೋ?

ಹಾಗಾದರೆ ಹೋಗೋದೇ ಬೇಡವಾ?

ಈ ಪ್ರಶ್ನೆಯನ್ನು ನಾನೂ ಕೇಳಿಕೊಂಡಿದ್ದೇನೆ. ನೋಡುವವರು ಬರುತ್ತಾರೆ ಅನ್ನುವ ಕಾರಣಕ್ಕೂ ಆ ಊರಿಗೆ ಜೀವಂತ ತಿಮಿಂಗಿಲ ಬೇಕಾಗಿದೆ. ಹಾಗಾಗಿ ಹೋಗಬೇಡಿ ಅನ್ನಲಾರೆ. ಕೇಳಿ ಹೋಗಿ ಅಂತೀನಿ. ಬುಕ್ ಮಾಡುವ ಮೊದಲು ನಾಲ್ಕು ಪ್ರಶ್ನೆ: ಲೈಸೆನ್ಸ್ ಇದೆಯಾ? ಒಂದು ಸಲಕ್ಕೆ ಎಷ್ಟು ಜನರನ್ನು ಇಳಿಸುತ್ತೀರಿ? ತಿಮಿಂಗಿಲ ದೂರ ಸರಿದರೆ ಏನು ಮಾಡುತ್ತೀರಿ? ಒಂದೂ ಸಿಗದ ದಿನ ಎಷ್ಟಿರುತ್ತವೆ? ‘ನೂರಕ್ಕೆ ನೂರು ಗ್ಯಾರಂಟಿ’ ಅಂದವರನ್ನು ಬಿಟ್ಟುಬಿಡಿ. ಗ್ಯಾರಂಟಿ ಕೊಡಬೇಕಾದರೆ ಅಟ್ಟಿಸಿಕೊಂಡು ಹೋಗಲೇಬೇಕು. ಅಷ್ಟು ದೂರ, ಅಷ್ಟು ಖರ್ಚು ಬೇಡ ಅನ್ನುವವರಿಗೆ ಶ್ರೀಲಂಕಾದ ಮಿರಿಸ್ಸಾ ಇದೆ. ಡಿಸೆಂಬರ್‌ನಿಂದ ಏಪ್ರಿಲ್‌ವರೆಗೆ ಅಲ್ಲಿ ನೀಲಿ ತಿಮಿಂಗಿಲಗಳು ಕಾಣುತ್ತವೆ. ಅದು ಬೋಟ್‌ನಿಂದಲೇ ನೋಡುವ ಜಾಗ. ಮೇಲಿನ ಪ್ರಶ್ನೆಗಳನ್ನು ಅಲ್ಲಿಯೂ ಕೇಳಿ.

ಇನ್ನು ಫೋಟೊ. ಹಂಪ್‌ಬ್ಯಾಕ್‌ನ ಬಾಲದ ಅಡಿಭಾಗದ ಕಪ್ಪು ಬಿಳುಪಿನ ಗುರುತು ನಮ್ಮ ಬೆರಳಚ್ಚಿನ ಹಾಗೆ, ಒಂದರಂತೆ ಇನ್ನೊಂದಿಲ್ಲ. ಹ್ಯಾಪಿವೇಲ್ ಎಂಬ ಜಾಲತಾಣಕ್ಕೆ ಯಾರು ಬೇಕಾದರೂ ಬಾಲದ ಫೋಟೊ, ದಿನಾಂಕ, ಜಾಗ ಕಳಿಸಬಹುದು. ಕಂಪ್ಯೂಟರ್ ಅದನ್ನು ಸಂಗ್ರಹದಲ್ಲಿರುವ ಫೋಟೊಗಳ ಜೊತೆ ಹೋಲಿಸಿ, ಆ ತಿಮಿಂಗಿಲ ಮೊದಲು ಎಲ್ಲಿ ಕಂಡಿತ್ತು ಅಂತ ಹುಡುಕುತ್ತದೆ. ವಿಜ್ಞಾನಿಗಳಿಗೆ ಅದರಿಂದ ಅವುಗಳ ದಾರಿ, ಆಯಸ್ಸು ತಿಳಿಯುತ್ತದೆ. ಇದಕ್ಕೆ ನೀರಿಗೂ ಇಳಿಯಬೇಕಿಲ್ಲ, ಹತ್ತಿರವೂ ಹೋಗಬೇಕಿಲ್ಲ. ಸಾಮಾನ್ಯವಾಗಿ ತಿಮಿಂಗಿಲ ಆಳಕ್ಕೆ ಮುಳುಗುವಾಗ ಬಾಲ ಪೂರ್ತಿ ಮೇಲೇಳುವುದು. ಅಂದರೆ ಅದು ಹೊರಟು ಹೋಗುವಾಗ ಸಿಗುವ ಚಿತ್ರ.

ಕೊನೆಯ ದಿನ ನಮ್ಮ ಬೋಟ್ ತಿರುಗಿದಾಗ ಗೆಳತಿ ಮುಖ ಗಂಟಿಕ್ಕಿಕೊಂಡೇ ಅಂಥದ್ದೊಂದು ಫೋಟೊ ತೆಗೆದಿದ್ದಳು. ಬೆಂಗಳೂರಿಗೆ ಹೋದ ಮೇಲೆ ಅದನ್ನು ಹ್ಯಾಪಿವೇಲ್‌ಗೆ ಕಳಿಸಿದಳು. ಹೊಂದಿಕೆ ಇನ್ನೂ ಸಿಕ್ಕಿಲ್ಲ. ಸಿಕ್ಕರೆ ಇಮೇಲ್ ಬರುತ್ತದೆ. ಸೋಮವಾರ ಆಫೀಸ್ ಮೇಲ್ ತೆರೆಯುವ ಮೊದಲು ಅದನ್ನೇ ನೋಡ್ತೀನಿ ಅಂತಾಳೆ.