ಹಗ್ಗ ಮೊದಲು, ಈಜು ಆಮೇಲೆ

ಐದು ಲೀಟರಿನ ಖಾಲಿ ಎಣ್ಣೆ ಕ್ಯಾನಿನಲ್ಲಿ ಎರಡು ಬೆರಳಷ್ಟು ನೀರು ಬಿಟ್ಟು, ಮುಚ್ಚಳ ಬಿಗಿದು, ಹಿಡಿಗೆ ಹಗ್ಗ ಕಟ್ಟಿ ಕೆರೆಗೆ ಎಸೆದರೆ ಅದು ಹೋಗಿ ಬೀಳುವುದನ್ನು ನೋಡುವುದೇ ಒಂದು ಸುಖ. ಪೂರ್ತಿ ಖಾಲಿ ಕ್ಯಾನು ಗಾಳಿಗೆ ಎತ್ತಲೋ ಹೋಗುತ್ತದೆ. ತುಂಬಿದ ಕ್ಯಾನು ಮುಳುಗುವವನ ತಲೆಗೆ ಬಡಿದರೆ ತಲೆಯೇ ಒಡೆದೀತು. ಎರಡು ಬೆರಳು ನೀರಿದ್ದರೆ ಗುರಿಯೂ ತಪ್ಪದು, ತೇಲುವುದೂ ನಿಲ್ಲದು.

ಹಗ್ಗದ ಸುತ್ತನ್ನು ಎರಡು ಪಾಲು ಮಾಡಿಕೊಳ್ಳಬೇಕು. ಬಲಗೈಯಲ್ಲಿ ಕ್ಯಾನಿನ ಜೊತೆ ಅರ್ಧ, ಎಡ ಅಂಗೈ ಮೇಲೆ ಸಡಿಲವಾಗಿ ಇನ್ನರ್ಧ, ತುದಿ ಕಾಲ ಕೆಳಗೆ. ಆ ತುದಿಯನ್ನು ಮಣಿಕಟ್ಟಿಗೆ ಸುತ್ತಿಕೊಂಡವನು ಕೆಟ್ಟ. ಮುಳುಗುವವನು ಜಗ್ಗಿದರೆ ಇವನೂ ನೀರಿಗೆ. ಕ್ಯಾನು ಬೀಳಬೇಕಾದ್ದು ಅವನ ಮುಖದ ಮುಂದಲ್ಲ, ಭುಜದಾಚೆ. ಆಗ ಹಗ್ಗ ತಾನಾಗಿ ಹೆಗಲ ಮೇಲೆ ಬಂದು ಕೂರುತ್ತದೆ.

ಇಷ್ಟು ಹೇಳಿದರೆ ಹೊಳೆನರಸೀಪುರದಲ್ಲಿ ಹೇಮಾವತಿಗೆ ಹಾರಿ ಈಜು ಕಲಿತವರು ಒಪ್ಪುವುದಿಲ್ಲ. ಹಗ್ಗ ಹುಡುಕುವಷ್ಟು ಹೊತ್ತು ಯಾರಿಗಿದೆ, ಧುಮುಕಿದರಾಯಿತು ಎನ್ನುತ್ತಾರೆ. ಜೀವರಕ್ಷಕರಿಗೆ ಎಲ್ಲೆಡೆ ಕಲಿಸುವ ಕ್ರಮವೇ ಬೇರೆ: ಮೊದಲು ಕೋಲು ಚಾಚು, ಎಟುಕದಿದ್ದರೆ ಎಸೆ, ತೆಪ್ಪವಿದ್ದರೆ ಹೋಗು, ಈಜುವುದು ಕಟ್ಟಕಡೆಗೆ. ಮುಳುಗುವವನ ಅಪ್ಪುಗೆಗೆ ಸಿಕ್ಕರೆ ಎಂಥ ಈಜುಗಾರನಿಗೂ ಕೈ ಬಿಡಿಸಿಕೊಳ್ಳುವುದು ಕಷ್ಟ. ಒಬ್ಬನ ಹಿಂದೆ ಇನ್ನೊಬ್ಬ ಹೋಗಿ ಇಬ್ಬರ ಹೆಣ ಮೇಲೆ ಬಂದ ಸುದ್ದಿ ಪತ್ರಿಕೆಯಲ್ಲಿ ಎಷ್ಟು ಸಲ ಓದಿಲ್ಲ? 2024ರ ಮೇ ತಿಂಗಳಲ್ಲಿ ಆಲೂರು ತಾಲ್ಲೂಕಿನ ಕೆರೆಯೊಂದರಲ್ಲಿ ನಾಲ್ವರು ಬಾಲಕರು ತೀರಿಕೊಂಡರು. ಬೇಸಿಗೆ ರಜೆ, ದಡದಲ್ಲಿ ಕಾಯುವವರಿಲ್ಲ.

ಈಜು ಬೇಡವೆಂದಲ್ಲ. ಅಮೆರಿಕದ ರೆಡ್ ಕ್ರಾಸ್ ಸಂಸ್ಥೆಯ ಜೀವರಕ್ಷಕ ಪರೀಕ್ಷೆಯಲ್ಲಿ ಸುಮಾರು ನಾಲ್ಕೂವರೆ ಕಿಲೋ ಭಾರವನ್ನು ನೀರಿನ ತಳದಿಂದ ತಂದು, ಎರಡೂ ಕೈಯಲ್ಲಿ ಎದೆಗವಚಿ, ಮಲಗಿ ಈಜುತ್ತ ಮರಳಬೇಕು. ಎಲ್ಲ ಸೇರಿ 1 ನಿಮಿಷ 40 ಸೆಕೆಂಡು. ಆ ಅರ್ಹತಾಪತ್ರವೂ ಎರಡೇ ವರ್ಷಕ್ಕೆ. ನೋಡುವ ಕಣ್ಣನ್ನೂ ಪಳಗಿಸಬೇಕು. ಮುಳುಗುವವನು ಕೂಗುವುದಿಲ್ಲ, ಕೈ ಬೀಸುವುದಿಲ್ಲ. ಉಸಿರಿಗೇ ಬಾಯಿ ಸಾಲದವನು ಕೂಗುವುದೆಲ್ಲಿಂದ? ಇದನ್ನು ನ್ಯೂಯಾರ್ಕಿನ ಜೀವರಕ್ಷಕ ಫ್ರಾಂಕ್ ಪಿಯಾ ಚಿತ್ರೀಕರಿಸಿ ತೋರಿಸಿದರು. ಮೇಲೆ ಅವನಿರುವುದು 20ರಿಂದ 60 ಸೆಕೆಂಡು ಮಾತ್ರ. ನಮ್ಮ ಕೆರೆಗಳಲ್ಲಂತೂ ಮಣ್ಣು ತೆಗೆದ ಗುಂಡಿ ಮೊಣಕಾಲುದ್ದದ ನೀರಿನ ಪಕ್ಕದಲ್ಲೇ ಬಾಯಿ ತೆರೆದಿರುತ್ತದೆ, ರಾಡಿಯಲ್ಲಿ ಕಾಣುವುದಿಲ್ಲ.

ನಿಜಕ್ಕೂ ಹೊಟ್ಟೆ ಉರಿಸುವುದು ಆಮೇಲಿನದು. ಮೇಲೆ ತಂದವನನ್ನು ತಲೆಕೆಳಗು ಮಾಡಿ ತಿರುಗಿಸುವುದು, ಹೊಟ್ಟೆ ಒತ್ತಿ ನೀರು ಕಕ್ಕಿಸುವುದು. ನಿಲ್ಲಿಸಿ ಎಂದರೆ ನಮ್ಮಜ್ಜ ಹೀಗೇ ಬದುಕಿಸಿದ್ದ ಎಂಬ ಉತ್ತರ. ಒತ್ತಿದಾಗ ಹೊಟ್ಟೆಯಲ್ಲಿದ್ದದ್ದು ಗಂಟಲಿಗೆ ಬಂದು ಶ್ವಾಸನಾಳ ಸೇರುತ್ತದೆ, ಇದ್ದ ನಿಮಿಷವೂ ಕಳೆದುಹೋಗುತ್ತದೆ. ಅವನಿಗೆ ಬೇಕಾದ್ದು ಉಸಿರು. ಉಸಿರಾಟ ನಿಂತಿದ್ದರೆ ಯುರೋಪಿನ ಪದ್ಧತಿಯಲ್ಲಿ ಮೊದಲು ಬಾಯಿಗೆ ಬಾಯಿಟ್ಟು ಐದು ಸಲ ಊದುತ್ತಾರೆ, ಆಮೇಲೆ 30 ಸಲ ಎದೆ ಒತ್ತಿ 2 ಸಲ ಊದುವುದು, ಆಂಬುಲೆನ್ಸ್ ಬರುವ ತನಕ.

ಗೊರೂರಿನ ಹಿನ್ನೀರಿನಲ್ಲಿ ಶೆಟ್ಟಿಹಳ್ಳಿಯ ಮುಳುಗು ಚರ್ಚ್ ನೋಡಲು ಮಳೆಗಾಲದಲ್ಲಿ ಜನ ಬರುತ್ತಾರೆ, ರಾಮನಾಥಪುರದಲ್ಲಿ ಕಾವೇರಿಗಿಳಿದು ಮೀಯುತ್ತಾರೆ, ಚನ್ನರಾಯಪಟ್ಟಣದ ಕೆರೆ ಏರಿಯ ಮೇಲೆ ಸಂಜೆ ತಿರುಗಾಡುತ್ತಾರೆ. ಅಲ್ಲೆಲ್ಲ ಒಂದೊಂದು ಗೂಟ ನೆಟ್ಟು ಕ್ಯಾನು ತೂಗುಹಾಕಲು ಟೆಂಡರ್ ಕರೆಯಬೇಕಾಗಿಲ್ಲ. ಹಗ್ಗ ಮಾತ್ರ ನೈಲಾನಿನದಾಗಬಾರದು, ಮುಳುಗುತ್ತದೆ. ಪಾಲಿಪ್ರೊಪಿಲೀನ್ ಹಗ್ಗ ತೇಲುತ್ತದೆ; ಹಳದಿಯದಾದರೆ ಕೆಂಪು ನೀರಿನಲ್ಲೂ ಕಾಣುತ್ತದೆ.