ಕರಿ ಹ್ಯಾಟಿಯ ತಪ್ಪೇನಿತ್ತು?

ನವಲಗುಂದದ ಹೆಸರಿನಲ್ಲೇ ನವಿಲಿದೆ. ಇಲ್ಲಿನ ಹೆಣ್ಣುಮಕ್ಕಳು ನೇಯುವ ಜಮಖಾನದ ಮೇಲೂ ನವಿಲಿದೆ. ಇಂಥ ಊರಿನಲ್ಲಿ ಬೋಳು ಬೆನ್ನಿನ ಕೋಳಿಗಳನ್ನು ಸಾಕಿ ಓಣಿಯವರ ನಗೆಗೆ ಈಡಾದವನು ನಾನು. ನಗೆಯ ಮಾತಿರಲಿ. ನನ್ನಿಂದ ಒಂದು ಕೋಳಿಯ ಜೀವ ಹೋಯಿತು, ಇನ್ನೊಂದು ಇಲ್ಲದ ಅಪವಾದ ಹೊತ್ತು ಮನೆ ಬಿಟ್ಟಿತು.

ನಮ್ಮ ಹಿತ್ತಲಲ್ಲಿ ಎಂಟು ನಾಟಿ ಕೋಳಿಗಳಿದ್ದವು. ಬೆಳಿಗ್ಗೆ ಬುಟ್ಟಿ ಎತ್ತಿದರೆ ನೇರ ತಿಪ್ಪಿಗೆ ಹೋಗಿ, ಹೊತ್ತು ಮುಳುಗುವಾಗ ತಾವಾಗಿ ತಿರುಗಿ ಬರುತ್ತಿದ್ದವು. ಅವಕ್ಕೆ ಜೊತೆಯಾಗಿ ಆರು ಗಿರಿರಾಜ ತಂದೆ. ಬೆಂಗಳೂರಿನ ಹೆಬ್ಬಾಳದಲ್ಲಿ ಅಭಿವೃದ್ಧಿಪಡಿಸಿ 1989ರಲ್ಲಿ ಬಿಡುಗಡೆ ಮಾಡಿದ ಆ ತಳಿ ಮೈಯಲ್ಲಿ ದೊಡ್ಡದು, ಸ್ವಭಾವದಲ್ಲಿ ಸಾಧು. ಅಷ್ಟರಲ್ಲಿ ಹೆಸರಿನ ರಾಶಿಯ ಕಾಲ ಬಂತು. ಎಲ್ಲರ ಅಂಗಳದಲ್ಲೂ ಕಾಳು ಒಣಗುತ್ತಿತ್ತು, ನನ್ನ ಹದಿನಾಲ್ಕು ಕೋಳಿಗಳು ಎಲ್ಲರ ಅಂಗಳದಲ್ಲೂ ಇದ್ದವು. ಜಗಳಕ್ಕೆ ಇಷ್ಟು ಸಾಕು.

ಎಂಟು ಅಡಿ ಉದ್ದ, ಐದು ಅಡಿ ಅಗಲದ ತಗಡಿನ ಶೆಡ್ ಕಟ್ಟಿಸಿದೆ. ನೆಲಕ್ಕೆ ಸಿಮೆಂಟು ಹಾಕಿಸಿದೆ. ಒಂದು ಕೋಳಿಗೆ ಎರಡು ಚದರಡಿಯ ಮೇಲೆಯೇ ಜಾಗ ಸಿಕ್ಕಿತು, ಲೆಕ್ಕದಲ್ಲಿ ಕೊರತೆಯಿರಲಿಲ್ಲ. ಮುಂಜಾನೆ ನೀರು ಹೊಡೆದು ತೊಳೆದರೆ ನೆಲ ಕನ್ನಡಿ. ಬಂದವರಿಗೆಲ್ಲ ತೋರಿಸಿ ಮೀಸೆ ತಿರುವಿದೆ. ಅವ್ವ ಮಾತ್ರ ಒಮ್ಮೆ ಇಣುಕಿ ನೋಡಿ, “ದವಾಖಾನಿ ಆಗೈತಿ” ಎಂದಳು. ಹೊಗಳಿದಳೆಂದೇ ತಿಳಿದೆ.

ಮೂರನೇ ವಾರ ಒಂದು ಗಿರಿರಾಜದ ಬಾಲದ ಬುಡ ಬೋಳಾಯಿತು. ಪುಕ್ಕ ಉದುರುವ ಕಾಲವಿರಬೇಕೆಂದು ಸುಮ್ಮನಾದೆ. ಆಮೇಲೆ ಕಣ್ಣಾರೆ ಕಂಡೆ: ನಾಟಿಗಳಲ್ಲಿ ಎಲ್ಲಕ್ಕಿಂತ ಚುರುಕಾದ ಕರಿ ಹ್ಯಾಟಿ ಹಿಂದಿನಿಂದ ಬಂದು, ಸದ್ದಿಲ್ಲದೆ ಒಂದು ಪುಕ್ಕ ಎಳೆದು ನುಂಗಿತು. ಪಾಪದ ಕೋಳಿ ನಿಂತಲ್ಲೇ ನಿಂತಿತ್ತು. ಕಳ್ಳಿ ಸಿಕ್ಕಳು ಎಂದುಕೊಂಡೆ. ಮುಂದಿನ ಸಂತೆಗೆ ಒಯ್ದು, ಕೇಳಿದ ರೇಟಿಗೆ ಕೊಟ್ಟು ಬಂದೆ.

ಎಂಟು ದಿನವೂ ಕಳೆಯಲಿಲ್ಲ, ಇನ್ನೊಂದು ಶುರುಮಾಡಿತು. ಅದನ್ನು ನೋಡಿ ಮತ್ತೊಂದು. ನಾಲ್ಕು ಕೋಳಿಗಳ ಬೆನ್ನು ಬೋಳಾದವು. ಆದರೆ ದಿನಾ ಕಸ ಗುಡಿಸುತ್ತಿದ್ದ ನನಗೆ ನೆಲದ ಮೇಲೆ ಒಂದು ಪುಕ್ಕವೂ ಸಿಗುತ್ತಿರಲಿಲ್ಲ. ಅದು ಏಕೆಂದು ಕೇಳಿಕೊಳ್ಳುವ ಬುದ್ಧಿ ಬರಲಿಲ್ಲ.

ಹೇಳಲು ನಾಚಿಕೆಯಾಗುವುದು ಇದರ ಮುಂದಿನದು. ಹುಬ್ಬಳ್ಳಿಯಲ್ಲಿ ಮದುವೆಯಿತ್ತು. ಹೊರಡುವಾಗ ನೋಡಿದರೆ ಒಂದು ಗಿರಿರಾಜದ ಹಿಂಭಾಗದಲ್ಲಿ ರಕ್ತ. ಬಸ್ಸಿನ ಹೊತ್ತಾಗಿತ್ತು, ಮೈಮೇಲೆ ಇಸ್ತ್ರಿ ಮಾಡಿದ ಅಂಗಿಯಿತ್ತು. ಚಿಟಿಕೆ ಅರಿಶಿನ ಒತ್ತಿ, ಅದನ್ನು ಅಲ್ಲೇ, ಅವುಗಳ ನಡುವೆಯೇ ಬಿಟ್ಟು ಹೋದೆ. ಒಂದು ಬುಟ್ಟಿ ಬೋರಲು ಹಾಕಿದ್ದರೆ ಸಾಕಿತ್ತು. ಕೆಂಪು ಕಂಡರೆ ಕೋಳಿ ಬಿಡುವುದಿಲ್ಲ. ಸಂಜೆ ಬರುವಷ್ಟರಲ್ಲಿ ಅದರ ಕರುಳು ಹೊರಗಿತ್ತು.

ಮರುದಿನ ಪಶುವೈದ್ಯರ ಬಳಿ ಹೋಗಿ, “ಜಗಳಗಂಟಿ ಕೋಳಿ ಸರ್, ಏನ್ ಮಾಡ್ಲಿ?” ಎಂದೆ. ಅವರು ಮೂರೇ ಪ್ರಶ್ನೆ ಕೇಳಿದರು. “ತಲೀಗೆ ಕುಕ್ಕತಾವೋ, ಬೆನ್ನಿಗೋ? ಉದುರಿದ ಪುಕ್ಕ ಕಾಣತಾವೇನು? ನೆಲ ಎಂಥಾದೈತಿ?”

ತಲೆಗೆ, ಜುಟ್ಟಿಗೆ ಕುಕ್ಕುವುದು ಹಿರಿಕಿರಿತನದ ಲೆಕ್ಕ. ನಾರ್ವೆಯ ಶೆಲ್ಡೆರುಪ್-ಎಬ್ಬೆ ಎಂಬಾತ ಚಿಕ್ಕಂದಿನಿಂದ ಕೋಳಿಗಳನ್ನು ನೋಡುತ್ತ ಬೆಳೆದು, ಯಾರು ಯಾರಿಗೆ ಕುಕ್ಕಬಹುದೆಂಬ ಈ ಸಾಲನ್ನು 1922ರಲ್ಲಿ ಬರೆದು ಪ್ರಕಟಿಸಿದ. ಸಾಲು ಒಮ್ಮೆ ತೀರ್ಮಾನವಾದರೆ ಕೋಳಿಗಳು ತಣ್ಣಗಾಗುತ್ತವೆ. ಬೆನ್ನ ಪುಕ್ಕ ಕೀಳುವುದು ಬೇರೆಯೇ ಸಂಗತಿ. ಅದರಲ್ಲಿ ಸಿಟ್ಟಿಲ್ಲ. ಕೋಳಿ ಹಗಲಿನ ಬಹುಪಾಲು ನೆಲ ಕೆದರಿ ಕುಕ್ಕುವ ಜೀವ. ಕೆದರಲು ನೆಲವೇ ಇಲ್ಲದಾಗ ಅದೇ ಕೊಕ್ಕು ಪಕ್ಕದವಳ ಮೈಗೆ ತಿರುಗುತ್ತದೆ. ಮೇಲಾಗಿ ನಾನು ಹಾಕುತ್ತಿದ್ದುದು ಬರೀ ಜೋಳ. ಮೊಟ್ಟೆ ಇಡುವ ಕೋಳಿಯ ಆಹಾರದಲ್ಲಿ ನೂರಕ್ಕೆ 16 ಪಾಲು ಪ್ರೋಟೀನು ಬೇಕು, ಜೋಳದಲ್ಲಿರುವುದು ಸುಮಾರು 10. ಪುಕ್ಕವಾದರೋ ಹೆಚ್ಚುಕಡಿಮೆ ಪ್ರೋಟೀನೇ. ತಿಪ್ಪಿಯ ಹುಳುವಿನಲ್ಲಿ ಸಿಗುತ್ತಿದ್ದುದನ್ನು ಅವು ಒಂದರ ಮೈಯಿಂದ ಒಂದು ಕಿತ್ತುಕೊಳ್ಳುತ್ತಿದ್ದವು.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನನ್ನ ಮನೆಯಲ್ಲಿ ನೆಲವೇ ಡೊಂಕಾಗಿತ್ತು, ನಾನು ಕುಣಿಯುವವಳನ್ನು ಮಾರಿ ಬಂದಿದ್ದೆ. “ತಿಪ್ಪಿ ಕಸಗೊಂಡು ಕೋಳೀಗೆ ಬೈತಿ” ಎಂದಳು ಅವ್ವ.

ಕನ್ನಡಿಯಂಥ ನೆಲದ ಮೇಲೆ ನಾಲ್ಕು ಬೆರಳು ದಪ್ಪ ಶೇಂಗಾ ಸಿಪ್ಪೆ, ಕಡಲೆ ಹೊಟ್ಟು ಹರವಿದೆ. ಕಾಳನ್ನು ತಟ್ಟೆಗೆ ಹಾಕದೆ ಅದರೊಳಗೇ ಎರಚಿದೆ, ಹುಡುಕಿ ತಿನ್ನಲಿ ಎಂದು. ಜೋಳದ ಜೊತೆ ಹಿಂಡಿ, ಒಣಮೀನಿನ ಪುಡಿ, ಚೂರು ಉಪ್ಪು ಸೇರಿಸಿದೆ. ರಾಜಗಿರಿ ಸೊಪ್ಪಿನ ಕಟ್ಟನ್ನು ಎಗರಿ ಕುಕ್ಕುವಷ್ಟು ಎತ್ತರಕ್ಕೆ ತೂಗುಹಾಕಿದೆ. ಎರಿಮಣ್ಣು ಒದ್ದೆಯಾದರೆ ಅಂಟು, ಒಣಗಿದರೆ ಹೆಂಟೆ. ಅದಕ್ಕೇ ಹಳೆಯ ಬಾನಿಯಲ್ಲಿ ಬೂದಿ, ಮರಳು ಬೆರೆಸಿ ಹೊರಳಾಡಲು ಇಟ್ಟೆ. ನೀರಿನ ಮುಂದೆ ಒಂದೇ ಕೋಳಿ ಕಾವಲು ನಿಲ್ಲದಂತೆ ಎರಡು ಕಡೆ ನೀರು. ಗಾಯಗೊಂಡವನ್ನು ಜಾಲರಿಯ ಆಚೆ ಕಟ್ಟಿ, ಕೆಂಪು ಕಾಣದಂತೆ ನೀಲಿ ಔಷಧ ಹಚ್ಚಿದೆ. ಜಾಲರಿಯಿಂದ ಮುಖ ಕಾಣುತ್ತಿದ್ದುದರಿಂದ ಗುರುತು ಮರೆಯಲಿಲ್ಲ. ಗಾಯ ಮಾಗಿದ ಮೇಲೆ ರಾತ್ರಿ ಕತ್ತಲಲ್ಲಿ ಒಳಗೆ ಕೂಡಿಸಿದೆ. ರಾಶಿ ಮುಗಿದದ್ದೇ ತಡ, ಮಧ್ಯಾಹ್ನದ ಮೇಲೆ ತಿಪ್ಪಿಗೆ ಬಿಟ್ಟೆ.

ಎಲ್ಲವೂ ಸರಿಹೋಯಿತೆಂದರೆ ಸುಳ್ಳಾಗುತ್ತದೆ. ಹೊಸದಾಗಿ ಹುಟ್ಟುವ ಪುಕ್ಕದ ಬುಡದಲ್ಲಿ ರಕ್ತವಿರುತ್ತದೆ. ಅದರ ರುಚಿ ಹತ್ತಿದ ಒಂದು ಹ್ಯಾಟಿ ಚಟ ಬಿಡಲೇ ಇಲ್ಲ. ಅದು ಇಂದಿಗೂ ಬೇರೆ ಗೂಡಿನಲ್ಲಿದೆ. ಅದನ್ನು ಮಾರಲು ಮಾತ್ರ ಕೈ ಬರಲಿಲ್ಲ.

ಕೆಲವು ತಿಂಗಳ ನಂತರ ಸಂತೆಯಲ್ಲಿ ಕರಿ ಹ್ಯಾಟಿಯನ್ನು ಕೊಂಡ ಹೆಣ್ಣುಮಗಳು ಸಿಕ್ಕಳು. ಹತ್ತು ಮರಿ ಮಾಡಿಕೊಂಡು ತಿಪ್ಪಿ ತುಂಬ ಓಡಾಡುತ್ತದಂತೆ. ಅಳುಕುತ್ತಲೇ ಕೇಳಿದೆ, “ಬ್ಯಾರೆ ಕೋಳಿ ಪುಕ್ಕ ಕೀಳತೈತೇನವಾ?”

ನಾನೇನೋ ಹುಚ್ಚು ಮಾತಾಡಿದೆನೆಂಬಂತೆ ಆಕೆ ನಕ್ಕಳು. “ಅದಕ್ಕ ಪುರಸೊತ್ತರ ಎಲ್ಲೈತ್ರೀ?”